ಎಕ್ಸ್870ಇ ಮದರ್‌ಬೋರ್ಡ್: ಸ್ಲಾಟ್‌ಗಳು ಧಾರಾಳ, ಲೇನ್‌ಗಳು ಬಿಗಿ
ಎಎಂಡಿಯ ಎಕ್ಸ್870ಇ ಚಿಪ್‌ಸೆಟ್ (ಪ್ರೊಸೆಸರ್‌ಗೂ ಉಳಿದ ಭಾಗಗಳಿಗೂ ನಡುವೆ ಸಂಪರ್ಕ ಕಲ್ಪಿಸುವ ಚಿಪ್‌ಗಳು) ಇರುವ ದುಬಾರಿ ಮದರ್‌ಬೋರ್ಡೊಂದನ್ನು ಜೋಡಿಸಿದಾಗ ಮೊದಲು ಮೆಚ್ಚುಗೆಯಾದದ್ದು ಹಿಂಬದಿಯ 40 ಜಿಬಿಪಿಎಸ್ ವೇಗದ ಎರಡು ಯುಎಸ್‌ಬಿ4 ಪೋರ್ಟ್‌ಗಳು ಮತ್ತು ಸ್ಕ್ರೂಡ್ರೈವರ್ ಇಲ್ಲದೆಯೇ ಎಂ.2 ಎಸ್‌ಎಸ್‌ಡಿಯನ್ನು (ಬೋರ್ಡಿಗೇ ಸಿಕ್ಕಿಸುವ ತೆಳು ಸಂಗ್ರಹ ಸಾಧನ) ಹಿಡಿದಿಡುವ ಪುಟ್ಟ ಕೊಂಡಿ. ಆದರೆ ಪ್ರೊಸೆಸರ್‌ನಿಂದ ನಮ್ಮ ಬಳಕೆಗೆ ಸಿಗುವ 24 ಪಿಸಿಐಇ ಲೇನ್‌ಗಳಲ್ಲಿ (ಬಿಡಿಭಾಗಗಳಿಗೆ ದತ್ತಾಂಶ ಸಾಗುವ ಹಾದಿಗಳು) ನಾಲ್ಕನ್ನು ಆ ಯುಎಸ್‌ಬಿ4 ಪೋರ್ಟ್‌ಗಳ ಚಿಪ್ಪೇ ನುಂಗಿ, ಉಳಿದವು ಗ್ರಾಫಿಕ್ಸ್ ಕಾರ್ಡ್ ಮತ್ತು ಮೊದಲ ಎಂ.2 ಸ್ಲಾಟ್‌ಗೇ ಮುಗಿಯುವುದರಿಂದ, ಪಿಸಿಐಇ 5.0 ಪೀಳಿಗೆಯ ಎರಡನೆಯ ಎಂ.2 ಸ್ಲಾಟ್‌ಗೆ ಎಸ್‌ಎಸ್‌ಡಿ ಹಾಕಿದೊಡನೆ ಗ್ರಾಫಿಕ್ಸ್ ಕಾರ್ಡ್ 16ರಿಂದ 8 ಲೇನ್‌ಗೆ ಇಳಿಯುತ್ತದೆ. ಆಟಗಳಲ್ಲಿ ಇದರ ವ್ಯತ್ಯಾಸ ಅತ್ಯಲ್ಪವೇ, ಆದರೂ ಇಷ್ಟು ಹಣ ತೆತ್ತವನು ಈ ವಿಷಯವನ್ನು ಮ್ಯಾನುಯಲ್‌ನ ಅಡಿಟಿಪ್ಪಣಿಯಲ್ಲಿ ಹುಡುಕುವಂತಾಗಬಾರದಿತ್ತು. ಚಿಪ್‌ಸೆಟ್‌ಗೆ ಸೇರಿದ ಉಳಿದ ಸ್ಲಾಟ್‌ಗಳೆಲ್ಲ ಪ್ರೊಸೆಸರ್‌ನತ್ತ ಹೋಗುವ ಪಿಸಿಐಇ 4.0ರ ನಾಲ್ಕೇ ಲೇನ್‌ಗಳ ಓಣಿಯನ್ನು ಹಂಚಿಕೊಳ್ಳುತ್ತವೆ. ಮೊದಲ ಎಂ.2 ಸ್ಲಾಟ್ ಗ್ರಾಫಿಕ್ಸ್ ಕಾರ್ಡಿಗಿಂತ ಮೇಲಿರುವುದು ಅನುಕೂಲ. ಕೆಳಗಿನದಕ್ಕೆ ಕೈ ಹಾಕಬೇಕೆಂದರೆ ಕಾರ್ಡನ್ನೇ ಕಳಚಬೇಕು.