ಎಐ ಏಜೆಂಟ್ ಕೈಗೆ ಡಾಕ್ಯುಮೆಂಟೇಶನ್ ಕೊಡುವ ಮೊದಲು

ನಿಮ್ಮ ಪ್ರಾಜೆಕ್ಟಿನ ಡಾಕ್ಯುಮೆಂಟೇಶನ್‌ನಲ್ಲಿ ಒಂದಕ್ಕೊಂದು ತಾಳೆಯಾಗದ ಮಾತುಗಳನ್ನು ಹುಡುಕಿ ಸರಿಪಡಿಸಲು ಎಐ ಏಜೆಂಟ್‌ಗಳನ್ನು, ಅಂದರೆ ತಾವೇ ಫೈಲ್ ತೆರೆದು ಕೆಲಸ ಮಾಡುವ ಎಐ ಪ್ರೋಗ್ರಾಂಗಳನ್ನು, ಬಿಡುವ ಯೋಚನೆ ಇದೆಯಾ? ಹುಡುಕಲು ಬಿಡಿ. ತಿದ್ದಲು ಮಾತ್ರ ಬಿಡಬೇಡಿ. ನಾವು ಬಿಟ್ಟೆವು. ಅದರಿಂದ ಒಂದು ಲ್ಯಾಬ್‌ನಲ್ಲಿ ನಾಲ್ಕು ದಿನ ಬೆಳಿಗ್ಗೆ ಜನ ಖಾಲಿ ಹೊಟ್ಟೆಯಲ್ಲಿ ಕಾಯಬೇಕಾಯಿತು.

ನಾನು ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿದ್ದೇನೆ. ರಕ್ತ, ಮೂತ್ರ ಪರೀಕ್ಷೆ ಮಾಡುವ ಲ್ಯಾಬ್‌ಗಳಿಗೆ ನಾವು ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಡಾಕ್ಯುಮೆಂಟೇಶನ್ ನನ್ನ ಜವಾಬ್ದಾರಿ. ಏಳು ವರ್ಷದಲ್ಲಿ ಬೆಳೆದ 140 ಮಾರ್ಕ್‌ಡೌನ್ (ಸರಳ ಪಠ್ಯದ) ಫೈಲ್‌ಗಳಿವೆ. ಇನ್‌ಸ್ಟಾಲೇಶನ್ ಗೈಡ್, ಲ್ಯಾಬ್‌ನವರಿಗೆ ಕೊಡುವ ಕೈಪಿಡಿ, ಎಪಿಐ (ಬೇರೆ ಸಾಫ್ಟ್‌ವೇರ್ ನಮ್ಮದರ ಜೊತೆ ಮಾತಾಡುವ ದಾರಿ) ವಿವರ, ರಿಲೀಸ್ ನೋಟ್‌ಗಳು ಎಲ್ಲ ಅದರಲ್ಲೇ. ಬರೆದವರಲ್ಲಿ ಅರ್ಧ ಜನ ಈಗ ಕಂಪನಿಯಲ್ಲೇ ಇಲ್ಲ. ಒಂದು ಕಡೆ ಒಂದು, ಇನ್ನೊಂದು ಕಡೆ ಇನ್ನೊಂದು ಬರೆದಿರುವುದು ಇಂಥ ಕಡೆ ಇದ್ದೇ ಇರುತ್ತದೆ, ಅಲ್ವಾ? ವರ್ಷಗಳಿಂದ ನನಗೆ ಅದೇ ಕೊರಗಾಗಿತ್ತು.

ಹಾಗಾಗಿ ಮೂರು ಏಜೆಂಟ್‌ಗಳನ್ನು ಜೋಡಿಸಿದೆವು. ಮೊದಲನೆಯದು ಓದಿ ವ್ಯತ್ಯಾಸಗಳ ಪಟ್ಟಿ ಮಾಡಬೇಕು. ಎರಡನೆಯದು ತಿದ್ದಬೇಕು. ಮೂರನೆಯದು ತಿದ್ದಿದ್ದು ಸರಿಯಿದೆಯಾ ನೋಡಬೇಕು. ಶುಕ್ರವಾರ ಸಂಜೆ ಚಾಲೂ ಮಾಡಿ ಮನೆಗೆ ಹೋದೆ. ಊಟ ಮುಗಿಸುವಷ್ಟರಲ್ಲಿ ಪುಲ್ ರಿಕ್ವೆಸ್ಟ್, ಅಂದರೆ ಬದಲಾವಣೆಗಳನ್ನು ಒಪ್ಪಿ ಸೇರಿಸಿಕೊಳ್ಳಿ ಎಂಬ ಕೋರಿಕೆ, ಬಂದಿತ್ತು. 96 ಫೈಲ್‌ಗಳಲ್ಲಿ ಬದಲಾವಣೆ. ಜೊತೆಗೆ ಒಂದು ವರದಿ: ಎಲ್ಲ 140 ಫೈಲ್‌ಗಳನ್ನೂ ಪರಿಶೀಲಿಸಲಾಗಿದೆ, ಈಗ ಎಲ್ಲಿಯೂ ವ್ಯತ್ಯಾಸವಿಲ್ಲ.

ಸೋಮವಾರ ಮೊದಲ ಇಪ್ಪತ್ತು ಫೈಲ್‌ಗಳನ್ನು ಸಾಲು ಸಾಲಾಗಿ ನೋಡಿದೆ. ಮುರಿದ ಲಿಂಕ್, ಹಳೆಯ ಮೆನು ಹೆಸರು, ಕಾಗುಣಿತ. ಎಲ್ಲವನ್ನೂ ಚೆನ್ನಾಗಿಯೇ ತಿದ್ದಿತ್ತು. ನಂಬಿಕೆ ಬಂತು. ಉಳಿದವನ್ನು ಮೇಲ್ನೋಟಕ್ಕೆ ಮಾತ್ರ ನೋಡಿ ಮರ್ಜ್ ಮಾಡಿದೆ, ಅಂದರೆ ಮೂಲ ಪ್ರತಿಗೆ ಸೇರಿಸಿದೆ. ಒಪ್ಪಿಗೆ ಕೊಟ್ಟವಳು ನಾನೇ.

ಮೂರು ವಾರದ ನಂತರ ಚಿತ್ರದುರ್ಗದ ಕಡೆಯಿಂದ ಫೋನ್ ಬಂತು. ಅಲ್ಲಿನ ಒಂದು ಲ್ಯಾಬ್‌ಗೆ ಹೊಸ ಸರ್ವರ್ ಹಾಕಲು ಹೋಗಿದ್ದ ನಮ್ಮ ಹುಡುಗ.

“ಮೇಡಂ, ಬೆಳಿಗ್ಗೆ ಎಂಟಾದ್ರೆ ಸಾಕು, ಸಿಸ್ಟಂ ನಿಂತೇ ಹೋಗ್ತಿದೆ. ಬಿಲ್ ಬರ್ತಿಲ್ಲ, ಬಾರ್‌ಕೋಡ್ ಬರ್ತಿಲ್ಲ. ಇವತ್ತಿಗೆ ನಾಲ್ಕು ದಿನ. ಶುಗರ್ ಟೆಸ್ಟಿಗೆ ಬಂದ ವಯಸ್ಸಾದವರೆಲ್ಲ ತಿಂಡಿ ಇಲ್ದೆ ಕೂತಿದ್ದಾರೆ. ನಾನು ಗೈಡ್‌ನಲ್ಲಿ ಇದ್ದಂಗೇ ಹಾಕಿದೀನಿ ಮೇಡಂ.”

ಅವನು ಹೇಳಿದ್ದು ನಿಜ. ಗೈಡ್‌ನಲ್ಲಿ ಇದ್ದ ಹಾಗೇ ಹಾಕಿದ್ದ. ಗೈಡೇ ತಪ್ಪಾಗಿತ್ತು.

ನಮ್ಮ ಸಾಫ್ಟ್‌ವೇರ್ ದಿನಕ್ಕೊಮ್ಮೆ ಡೇಟಾಬೇಸಿನ ಪೂರ್ತಿ ಬ್ಯಾಕಪ್ ತೆಗೆಯುತ್ತದೆ. ಆ ಹೊತ್ತಲ್ಲಿ ಡಿಸ್ಕ್ ಮೇಲೆ ತುಂಬಾ ಭಾರ ಬೀಳುತ್ತದೆ. ಅದಕ್ಕೇ ರಾತ್ರಿ ನಡೆಯಬೇಕು. ಲ್ಯಾಬ್‌ನವರ ಕೈಪಿಡಿಯಲ್ಲಿ ‘ಬ್ಯಾಕಪ್ ರಾತ್ರಿ 2:30ಕ್ಕೆ’ ಎಂದಿತ್ತು. ಇನ್‌ಸ್ಟಾಲೇಶನ್ ಗೈಡ್‌ನ ಕ್ರಾನ್ ಸಾಲಿನಲ್ಲಿ (ಯಾವ ಕೆಲಸ ಎಷ್ಟು ಹೊತ್ತಿಗೆ ಓಡಬೇಕೆಂದು ಸರ್ವರ್‌ಗೆ ಹೇಳುವ ಸಾಲು) 21:00 ಎಂದಿತ್ತು. ಏಜೆಂಟ್ ಇದನ್ನು ವ್ಯತ್ಯಾಸ ಎಂದು ಹಿಡಿಯಿತು. ಐದು ಕಡೆ 2:30 ಇದೆ, ಒಂದು ಕಡೆ ಮಾತ್ರ 21:00 ಇದೆ. ಆ ಒಂದನ್ನು 2:30 ಮಾಡಿತು.

ಆದರೆ ಎರಡೂ ಸರಿಯಾಗಿದ್ದವು. ನಮ್ಮ ಸರ್ವರ್‌ಗಳ ಗಡಿಯಾರ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯದಲ್ಲಿ, ಓಡುತ್ತದೆ. ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಸರ್ವರ್‌ನ 21:00 ಅಂದರೆ ನಮ್ಮ ರಾತ್ರಿ 2:30. ತಿದ್ದಿದ ಮೇಲೆ ಬ್ಯಾಕಪ್ ಸರ್ವರ್‌ನ 2:30ಕ್ಕೆ ಓಡಿತು. ಅಂದರೆ ನಮ್ಮ ಬೆಳಿಗ್ಗೆ ಎಂಟಕ್ಕೆ. ಯಾವ ಲ್ಯಾಬ್‌ಗೆ ಬೇಕಾದರೂ ಹೋಗಿ ನೋಡಿ, ಅತಿ ಹೆಚ್ಚು ಜನ ಇರುವ ಹೊತ್ತು ಅದೇ. ಫಾಸ್ಟಿಂಗ್ ಶುಗರ್‌ಗೆ ಬರುವವರು ಎಂಟು ಗಂಟೆಗೂ ಜಾಸ್ತಿ ಹೊತ್ತು ಏನೂ ತಿಂದಿರುವುದಿಲ್ಲ. ಅವರಲ್ಲಿ ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುವವರೂ ಇರುತ್ತಾರೆ. ಯಾರಾದರೂ ತಲೆಸುತ್ತಿ ಬಿದ್ದಿದ್ದರೆ? ಆ ಯೋಚನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಅವತ್ತೇ ಕ್ರಾನ್ ಸರಿಮಾಡಿಸಿದೆ. ಆಮೇಲೆ ಕೂತು ಆ 96 ಫೈಲ್‌ಗಳನ್ನೂ ಬಿಚ್ಚಿದೆ.

ಒಂದು ಕಡೆ ಲೋಡ್ ಬ್ಯಾಲೆನ್ಸರ್‌ಗೆ (ಬರುವ ರಿಕ್ವೆಸ್ಟ್‌ಗಳನ್ನು ಸರ್ವರ್‌ಗಳಿಗೆ ಹಂಚುವುದು) 60 ಸೆಕೆಂಡ್, ಅದರ ಹಿಂದಿರುವ ನಮ್ಮ ನೋಡ್.ಜೆಎಸ್ ಸರ್ವರ್‌ಗೆ 65 ಸೆಕೆಂಡ್ ಎಂದು ಬರೆದಿತ್ತು. ಏಜೆಂಟ್ ಎರಡನ್ನೂ 60 ಮಾಡಿತ್ತು. ಆ ಐದು ಸೆಕೆಂಡ್ ಬೇಕೆಂದೇ ಇಟ್ಟಿದ್ದು. ಅಮೆಜಾನ್‌ನ ಕ್ಲೌಡ್ ಸೇವೆಯಾದ ಎಡಬ್ಲ್ಯೂಎಸ್‌ನ ಅಪ್ಲಿಕೇಶನ್ ಲೋಡ್ ಬ್ಯಾಲೆನ್ಸರ್ ಕೆಲಸವಿಲ್ಲದೆ ಸುಮ್ಮನಿರುವ ಸಂಪರ್ಕವನ್ನು, ನಾವು ಬದಲಿಸದಿದ್ದರೆ, 60 ಸೆಕೆಂಡ್ ಉಳಿಸಿಕೊಳ್ಳುತ್ತದೆ. ಹಿಂದಿರುವ ಸರ್ವರ್ ಅದಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತು ಉಳಿಸಿಕೊಳ್ಳಬೇಕು. ಇಲ್ಲದಿದ್ದರೆ ಸರ್ವರ್ ಸಂಪರ್ಕ ಮುಚ್ಚುವ ಕ್ಷಣಕ್ಕೇ ಅದರಲ್ಲಿ ಹೊಸ ರಿಕ್ವೆಸ್ಟ್ ಬಂದರೆ ಬಳಸುವವರಿಗೆ 502 ಎರರ್ (ಹಿಂದಿನ ಸರ್ವರ್‌ನಿಂದ ಸರಿಯಾದ ಉತ್ತರ ಬರಲಿಲ್ಲ ಎಂಬ ಸಂದೇಶ) ಕಾಣುತ್ತದೆ. ಅದೂ ಯಾವಾಗಲೋ ಒಮ್ಮೆ. ಕಾರಣ ಹುಡುಕಲು ವಾರಗಟ್ಟಲೆ ಬೇಕಾಗುವ ತೊಂದರೆ ಇದು. ಪುಣ್ಯಕ್ಕೆ ಯಾರೂ ಇನ್ನೂ ಹಾಗೆ ಹಾಕಿರಲಿಲ್ಲ.

ರಿಲೀಸ್ ನೋಟ್‌ಗಳನ್ನು ನೋಡಿ ನನಗೆ ಜಾಸ್ತಿ ಸಂಕಟವಾಯಿತು. ಆವೃತ್ತಿ 3ರಲ್ಲಿ ನಾವು ಒಂದು ಸೆಟ್ಟಿಂಗ್‌ನ ಹೆಸರು ಬದಲಿಸಿದ್ದೆವು. ಏಜೆಂಟ್ ಆವೃತ್ತಿ 2.4ರ ನೋಟ್‌ನಲ್ಲೂ ಹೊಸ ಹೆಸರು ಹಾಕಿತ್ತು. ಹಳೆಯ ಆವೃತ್ತಿಯಲ್ಲೇ ಇರುವ ಲ್ಯಾಬ್‌ಗಳು ಅದನ್ನು ನೋಡಿ ಮಾಡಿದರೆ ಎರರ್ ಬರುತ್ತದೆ. ಹಳೆ ಹೆಸರು ಹೋಗಿ ಹೊಸ ಹೆಸರು ಬಂದಿದೆ ಎಂದು ತಿಳಿಸುವ ಸಾಲಿನಲ್ಲಂತೂ ಎರಡೂ ಕಡೆ ಒಂದೇ ಹೆಸರು ಕೂತಿತ್ತು. ರಿಲೀಸ್ ನೋಟ್ ಅಂದರೆ ಅಂದು ಏನಿತ್ತು ಎನ್ನುವ ದಾಖಲೆ. ಅದು ಇಂದಿನದಕ್ಕೆ ಹೊಂದಬೇಕಾಗಿಯೇ ಇಲ್ಲ.

ಮೂರನೆಯ ಏಜೆಂಟ್ ಇವನ್ನೆಲ್ಲ ಯಾಕೆ ಹಿಡಿಯಲಿಲ್ಲ? ನಾವು ಅದಕ್ಕೆ ಕೇಳಿದ್ದು ಒಂದೇ: ಈಗ ಎಲ್ಲ ಕಡೆ ಒಂದೇ ರೀತಿ ಇದೆಯಾ? ಇತ್ತು. ಎಲ್ಲ ಕಡೆ ಒಂದೇ ತಪ್ಪು ಇದ್ದರೂ ಅದರ ಉತ್ತರ ‘ಇದೆ’ ಎಂದೇ ಬರುತ್ತದೆ. ಮೂರೂ ಏಜೆಂಟ್‌ಗಳ ಹಿಂದೆ ಇದ್ದ ಭಾಷಾ ಮಾಡೆಲ್ (ಎಐಯ ಮೂಲ ಪ್ರೋಗ್ರಾಂ) ಒಂದೇ ಆಗಿತ್ತು. ಒಂದಕ್ಕೆ ಹೊಳೆಯದ ಯುಟಿಸಿ ಇನ್ನೊಂದಕ್ಕೂ ಹೊಳೆಯಲಿಲ್ಲ. ಇನ್ನೊಂದು ನಷ್ಟ ಇದಕ್ಕಿಂತ ದೊಡ್ಡದು. ಮೊದಲು 2:30 ಮತ್ತು 21:00 ಎರಡೂ ಕಣ್ಣಿಗೆ ಬೀಳುತ್ತಿದ್ದವು. ಆ ಹುಡುಗ ಅವೆರಡನ್ನೂ ನೋಡಿದ್ದರೆ ಗೊಂದಲವಾಗಿ ನನಗೆ ಫೋನ್ ಮಾಡುತ್ತಿದ್ದ. ಏಜೆಂಟ್ ಆ ಗೊಂದಲವನ್ನೇ ಅಳಿಸಿಹಾಕಿತ್ತು.

140 ಫೈಲ್ ನೋಡಿದೆ ಎಂಬ ಮಾತೂ ಸುಳ್ಳು. ಏಜೆಂಟ್ ಏನೇನು ಮಾಡಿತೆಂಬ ಲಾಗ್ ತೆಗೆದು ಎಣಿಸಿದರೆ ಅದು ತೆರೆದದ್ದು 103 ಮಾತ್ರ. ತೆರೆದ ಫೈಲ್‌ಗಳಲ್ಲೂ ಉದ್ದದವುಗಳ ನಡುಭಾಗದ ತಪ್ಪುಗಳು ಹಾಗೇ ಉಳಿದಿದ್ದವು. ಉದ್ದ ಪಠ್ಯದ ನಡುವೆ ಇರುವುದನ್ನು ಭಾಷಾ ಮಾಡೆಲ್‌ಗಳು ಶುರುವಿನಲ್ಲಿ ಅಥವಾ ಕೊನೆಯಲ್ಲಿ ಇರುವುದರಷ್ಟು ಚೆನ್ನಾಗಿ ಬಳಸಿಕೊಳ್ಳುವುದಿಲ್ಲ ಎಂದು 2023ರಲ್ಲೇ ಸಂಶೋಧಕರು ತೋರಿಸಿದ್ದರು. ನಾನು ಅದನ್ನು ಗಮನಕ್ಕೆ ತಂದುಕೊಂಡಿರಲಿಲ್ಲ.

ಈಗಲೂ ಏಜೆಂಟ್ ಬಳಸುತ್ತೇವೆ. ಆದರೆ ಅದಕ್ಕೆ ಕೊಟ್ಟ ಟೋಕನ್ (ಪ್ರವೇಶದ ಕೀಲಿ) ಓದಲು ಮಾತ್ರ. ವ್ಯತ್ಯಾಸ ಕಂಡರೆ ಎರಡೂ ಸಾಲುಗಳನ್ನು ಇದ್ದ ಹಾಗೇ, ಫೈಲ್ ಹೆಸರು ಮತ್ತು ಸಾಲಿನ ಸಂಖ್ಯೆಯ ಜೊತೆ ಕೊಡಬೇಕು. ಆ ಸಾಲುಗಳು ನಿಜವಾಗಿ ಅಲ್ಲಿವೆಯಾ ಎಂದು ಒಂದು ಸಣ್ಣ ಸ್ಕ್ರಿಪ್ಟ್ ನೋಡುತ್ತದೆ. ಇಲ್ಲದ ಸಾಲುಗಳನ್ನು ಏಜೆಂಟ್ ಹುಟ್ಟಿಸಿಕೊಂಡಿದ್ದು ಹೀಗೆ ಎಷ್ಟೋ ಸಲ ಸಿಕ್ಕಿಬಿದ್ದಿದೆ. ಯಾವ ಫೈಲ್ ಓದಬೇಕು ಎನ್ನುವ ಪಟ್ಟಿಯನ್ನೂ ಸ್ಕ್ರಿಪ್ಟೇ ಕೊಡುತ್ತದೆ, ಎಣಿಸುವುದೂ ಅದೇ.

ಶುರು ಮಾಡುವ ಮೊದಲು ಬೇರೆ ಬ್ರಾಂಚಿನಲ್ಲಿ (ಮೂಲಕ್ಕೆ ತಾಗದ ಪ್ರತಿಯಲ್ಲಿ) ನೀವೇ ಹತ್ತು ತಪ್ಪು ಹಾಕಿ ನೋಡಿ. ನಮ್ಮದು ಮೊದಲ ಸಲ ಆರು ಹಿಡಿಯಿತು. ಅದೇ ಕೆಲಸ ಮತ್ತೆ ಕೊಟ್ಟಾಗ ಏಳು ಹಿಡಿಯಿತು, ಆದರೆ ಮೊದಲು ಸಿಕ್ಕಿದ್ದರಲ್ಲಿ ಎರಡನ್ನು ಬಿಟ್ಟಿತು. ಈ ಲೆಕ್ಕ ಕೈಯಲ್ಲಿದ್ದರೆ ಅದರ ವರದಿಯನ್ನು ಎಷ್ಟು ನಂಬಬಹುದು ಎಂದು ಗೊತ್ತಿರುತ್ತದೆ.

ಇನ್ನು ಕೋಡ್ ಉದಾಹರಣೆಗಳಿಗೆ ಏಜೆಂಟ್ ಬೇಕಾಗಿಯೇ ಇಲ್ಲ. ಪೈಥಾನ್ ಭಾಷೆಯಲ್ಲಿ, ಡಾಕ್ಯುಮೆಂಟೇಶನ್‌ನ ಉದಾಹರಣೆಗಳನ್ನು ಓಡಿಸಿ ನೋಡುವ ಡಾಕ್‌ಟೆಸ್ಟ್ ಇದೆ. ರಸ್ಟ್ ಭಾಷೆಯಲ್ಲಿ ಡಾಕ್ಯುಮೆಂಟೇಶನ್ ಒಳಗಿನ ಉದಾಹರಣೆಗಳು ಟೆಸ್ಟ್ ಜೊತೆಗೇ ಓಡುತ್ತವೆ. ಇವು ಪ್ರತಿ ಸಲವೂ ಒಂದೇ ಉತ್ತರ ಕೊಡುತ್ತವೆ.

ನೀವು ಈಗಾಗಲೇ ಇಂಥದ್ದೊಂದು ದೊಡ್ಡ ಪುಲ್ ರಿಕ್ವೆಸ್ಟ್ ಮರ್ಜ್ ಮಾಡಿದ್ದರೆ ದಯವಿಟ್ಟು ಇವತ್ತೇ ಆ ಕಮಿಟ್ (ಬದಲಾವಣೆಯ ದಾಖಲೆ) ತೆರೆಯಿರಿ. ಅಂಕಿ ಇರುವ ಸಾಲುಗಳನ್ನಷ್ಟೇ ಮೊದಲು ಸೋಸಿ. ಸಮಯ, ಟೈಮ್‌ಔಟ್, ಪೋರ್ಟ್, ಮಿತಿ, ಆವೃತ್ತಿ ಸಂಖ್ಯೆ. ನಮ್ಮಲ್ಲಿ ಇದಕ್ಕೆ ಇಬ್ಬರಿಗೆ ಒಂದೂವರೆ ದಿನ ಹಿಡಿಯಿತು. ಪೂರ್ತಿ ರಿವರ್ಟ್ ಮಾಡೋಣ (ಬದಲಾವಣೆಯನ್ನೆಲ್ಲ ಹಿಂದಕ್ಕೆ ತೆಗೆಯೋಣ) ಎಂದರೆ ಅಷ್ಟರಲ್ಲಿ ಅದರ ಮೇಲೆ ಬೇರೆಯವರ ಕೆಲಸ ಕೂತಿತ್ತು. ಒಟ್ಟು 11 ತಪ್ಪು ಸಾಲುಗಳು ಸಿಕ್ಕವು. ಒಂಬತ್ತನ್ನು ನಾವೇ ಸರಿಮಾಡಿದೆವು, ಪ್ರತಿಯೊಂದರ ಪಕ್ಕ ಆ ಅಂಕಿ ಯಾಕೆ ಎಂದೂ ಬರೆದೆವು. ಉಳಿದ ಎರಡರ ಕಾರಣ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವನ್ನು ಬರೆದವರು ಕಂಪನಿ ಬಿಟ್ಟು ಮೂರು ವರ್ಷವಾಗಿದೆ. ಅವರ ನಂಬರ್ ಹುಡುಕಿ, ಫೋನ್ ಮಾಡಿ, ಕೇಳಿ ಬರೆದುಕೊಂಡೆ.