ಕಲಬುರಗಿಯ ನಮ್ಮ ಬಡಾವಣೆಯ ಆರೋಗ್ಯ ಕೇಂದ್ರದಲ್ಲಿ ಮಲೇರಿಯಾ ಚಿಕಿತ್ಸೆ

ಮಂಗಳೂರಿನಲ್ಲಿ ಕಟ್ಟಡ ಕೆಲಸ ಮುಗಿಸಿ ಊರಿಗೆ ಬಂದ ನನ್ನ ತಮ್ಮನಿಗೆ ದಿನ ಬಿಟ್ಟು ದಿನ ಚಳಿಜ್ವರ ಬರತೊಡಗಿದಾಗ, ಔಷಧಿ ಅಂಗಡಿಯೊಂದರಲ್ಲಿ ರಕ್ತಪರೀಕ್ಷೆಯ ಮಾತೇ ಎತ್ತದೆ ಕ್ಲೋರೋಕ್ವಿನ್ ಮಾತ್ರೆ ಕೊಡಲು ಮುಂದಾದರು. ಅದನ್ನು ಬಿಟ್ಟು ನಮ್ಮ ಬಡಾವಣೆಯ ಸರ್ಕಾರಿ ನಗರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದದ್ದು ಒಳ್ಳೆಯದಾಯಿತು.

ಅಲ್ಲಿ ಬೆರಳಿಗೆ ಚುಚ್ಚಿ ತೆಗೆದ ರಕ್ತವನ್ನು ಗಾಜಿನ ಪಟ್ಟಿಯ ಮೇಲೂ ಕಿಟ್‌ನಲ್ಲೂ ಪರೀಕ್ಷಿಸಿ, ವೈವಾಕ್ಸ್ ಎಂಬ ಬಗೆಯ ಮಲೇರಿಯಾ ಎಂದು ಖಚಿತಪಡಿಸಿಕೊಂಡ ಮೇಲಷ್ಟೇ ಔಷಧಿ ಕೊಟ್ಟರು. ಮೂರು ದಿನದ ಕ್ಲೋರೋಕ್ವಿನ್ ರಕ್ತದಲ್ಲಿರುವ ರೋಗಾಣುಗಳನ್ನು ಕೊಲ್ಲುತ್ತದೆಯಾದರೂ ಯಕೃತ್ತಿನಲ್ಲಿ ಅಡಗಿ ಕುಳಿತವನ್ನು ಮುಟ್ಟುವುದಿಲ್ಲ. ಅವುಗಳಿಂದ ಜ್ವರ ತಿಂಗಳುಗಳ ನಂತರವೂ ಮರುಕಳಿಸದಿರಲು 14 ದಿನ ಪ್ರೈಮಾಕ್ವಿನ್ ನುಂಗಬೇಕು. ಜ್ವರ ಇಳಿದೊಡನೆ ಮಾತ್ರೆ ಬಿಡುವವರೇ ಹೆಚ್ಚು ಎಂಬುದು ಕೇಂದ್ರದ ಔಷಧ ವಿತರಕರಿಗೆ ಗೊತ್ತಿತ್ತೆಂದು ಕಾಣುತ್ತದೆ, ಕಾಗದದ ಲಕೋಟೆಯ ಮೇಲೆ ಪೆನ್ನಿನಿಂದ 14 ಚೌಕ ಎಳೆದು, ದಿನವೂ ಊಟವಾದ ಮೇಲೆ ಒಂದೊಂದನ್ನು ಹೊಡೆದು ಹಾಕುವಂತೆ ಹೇಳಿದರು. ನಡುವೆ ಆಶಾ ಕಾರ್ಯಕರ್ತೆ ಮನೆಗೆ ಬಂದು ಆ ಲಕೋಟೆಯನ್ನೇ ಕೇಳಿ ನೋಡಿದರು. ನನ್ನ ಮಟ್ಟಿಗೆ ಈ ಕೇಂದ್ರದ ಹೆಚ್ಚುಗಾರಿಕೆ ಇದೇ.

ಜಿ6ಪಿಡಿ ಕಿಣ್ವದ ಕೊರತೆಯಿರುವವರಲ್ಲಿ ಪ್ರೈಮಾಕ್ವಿನ್ ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು, ಗರ್ಭಿಣಿಯರಿಗಂತೂ ಅದನ್ನು ಕೊಡುವಂತಿಲ್ಲ. ವೈದ್ಯರು ಮನೆಯಲ್ಲಿ ಯಾರಿಗಾದರೂ ಇಂಥ ತೊಂದರೆಯಿತ್ತೇ ಎಂದು ವಿಚಾರಿಸಿ, ಮೂತ್ರ ಕಪ್ಪಾದರೆ ಮಾತ್ರೆ ನಿಲ್ಲಿಸಿ ತಕ್ಷಣ ಬರಲು ತಿಳಿಸಿದರು. ಆ ಕಿಣ್ವದ ಪರೀಕ್ಷೆ ಅಲ್ಲೇ ಆಗುವಂತಿದ್ದರೆ ಇನ್ನೂ ಧೈರ್ಯವಿರುತ್ತಿತ್ತು.

ಕೆಲವು ವಾರಗಳ ಮಟ್ಟಿಗೆ ಒಡಿಶಾದ ಕಾಡುಪ್ರದೇಶಕ್ಕೆ ಹೊರಟಿದ್ದ ನಮ್ಮ ಭಾವನವರಿಗೂ ಮಲೇರಿಯಾ ಬಾರದಂತೆ ತಡೆಯುವ ಸಲಹೆ ಈ ಕೇಂದ್ರದಲ್ಲೇ ಸಿಕ್ಕಿತು. ಫಾಲ್ಸಿಪಾರಮ್ ಎಂಬ ಹೆಚ್ಚು ಅಪಾಯದ ಬಗೆಯ ಮಲೇರಿಯಾ ಹೆಚ್ಚಿರುವ ಅಂಥ ಕಡೆಗೆ ದಿನಕ್ಕೊಂದು 100 ಮಿ.ಗ್ರಾಂ ಡಾಕ್ಸಿಸೈಕ್ಲಿನ್ ಅನ್ನು ಹೊರಡುವ 2 ದಿನ ಮೊದಲೇ ಶುರುಮಾಡಿ, ಹಿಂದಿರುಗಿದ ನಂತರವೂ 4 ವಾರ ಮುಂದುವರಿಸಬೇಕಂತೆ. ಲೋಟ ತುಂಬ ನೀರು ಕುಡಿಯಬೇಕು, ನುಂಗಿದ ಕೂಡಲೇ ಮಲಗಬಾರದು. ಮಾತ್ರೆಯಿದ್ದರೂ ಸೊಳ್ಳೆಪರದೆ ಬಿಡಬೇಡಿ ಎಂದೂ ಒತ್ತಿ ಹೇಳಿದರು.

ಕಾಯುವ ಜಾಗ ಇಕ್ಕಟ್ಟು, ಸರದಿಯೂ ಉದ್ದ. ಹೋಗುವವರು ಬೆಳಿಗ್ಗೆ ಬೇಗ ಹೋಗುವುದು ಲೇಸು.