96 ಕಾರ್ಡಿನ ಹಾಕಿ ಡಬ್ಬಿ: ಕೊಳ್ಳಿ, ಆದರೆ ಮೊದಲು ಬ್ಯಾಕ್‌ಗಳನ್ನು ಎಣಿಸಿ

ಬೆಳಗಾವಿಯ ಖಡೇಬಜಾರಿನ ಕಡೆ ಆಟದ ಸಾಮಾನಿನ ಅಂಗಡಿಯಲ್ಲಿ ಸಿಗುವ ಈ ಡಬ್ಬಿಗೆ ಹೆಸರೇ ಇಲ್ಲ. ಕೆಂಪು ಮುಚ್ಚಳದ ಮೇಲೆ ಒಂದು ಹಾಕಿ ಕೋಲು, ಒಂದು ಚೆಂಡು, ಕೆಳಗೆ ‘ಸಾರ್ವಕಾಲಿಕ ತಂಡ ಕಟ್ಟಿರಿ’ ಎಂಬ ಸಾಲು, ಅಷ್ಟೇ. ಬೆಲೆ 650 ರೂಪಾಯಿ, ಚೌಕಾಸಿ ಮಾಡಿದರೆ 600ಕ್ಕೆ ಬರುತ್ತದೆ. ಒಳಗೆ 96 ಆಟಗಾರರ ಕಾರ್ಡು, ಎರಡು ದಾಳ, ಒಂದು ನಿಮಿಷದ ಮರಳು ಗಡಿಯಾರ, ತಂಡದ ಹಾಳೆಗಳ ಒಂದು ಪ್ಯಾಡು. ಕಾರ್ಡಿನ ಒಂದು ಬದಿ ಕನ್ನಡ, ಇನ್ನೊಂದು ಬದಿ ಮರಾಠಿ. ಈ ಊರಿಗೆ ಅದೇ ಸರಿ. ಎದುರುಬದುರು ಕೂತವರು ತಮ್ಮ ತಮ್ಮ ಭಾಷೆಯಲ್ಲಿ ಓದಿಕೊಂಡು ಜಗಳವಾಡಬಹುದು.

ಆಟ ಸರಳ. ಧ್ಯಾನ್‌ಚಂದ್‌ರಿಂದ ಹಿಡಿದು ಹರ್ಮನ್‌ಪ್ರೀತ್ ಸಿಂಗ್‌ವರೆಗೆ, ಆಸ್ಟ್ರೇಲಿಯಾದ ಜೇಮಿ ಡ್ವೈಯರ್‌ನಿಂದ ಪಾಕಿಸ್ತಾನದ ಶಹಬಾಜ್ ಅಹ್ಮದ್‌ವರೆಗೆ ಎಲ್ಲರೂ ಮೇಜಿನ ಮೇಲೆ ಮುಖ ಮೇಲೆ ಮಾಡಿ ಬಿದ್ದಿರುತ್ತಾರೆ. ಪಾಳಿಯ ಪ್ರಕಾರ ಒಬ್ಬೊಬ್ಬರು ಒಂದೊಂದು ಕಾರ್ಡು ಎತ್ತುತ್ತ, ಹನ್ನೊಂದು ಮಂದಿಯ ತಂಡ, ಮೇಲೆ ಐವರು ಬದಲಿ ಆಟಗಾರರನ್ನು ಕಟ್ಟಬೇಕು. ಆಮೇಲೆ ದಾಳ ಹಾಕಿ ಪಂದ್ಯ. ಪ್ರತಿ ಕಾರ್ಡಿನ ಮೇಲೆ ಹತ್ತರೊಳಗಿನ ನಾಲ್ಕು ಅಂಕಿ: ಗೋಲು, ತಡೆ, ಕಾರ್ನರ್, ಓಟ.

ಡ್ರಾಫ್ಟ್‌ಗೆ, ಅಂದರೆ ಹೀಗೆ ಆಟಗಾರರನ್ನು ಆರಿಸಿಕೊಳ್ಳಲು, ಎರಡು ವಿಧಾನ ಕೊಟ್ಟಿದ್ದಾರೆ. ಮೊದಲನೆಯದು ಹಾವಿನ ಪಾಳಿ: 1, 2, 3, 4 ಆದಮೇಲೆ 4, 3, 2, 1. ನಾಲ್ವರು ಕೂತರೆ ಒಟ್ಟು 64 ಆಯ್ಕೆ. ಮರಳು ಗಡಿಯಾರ ಪಾಲಿಸಿದರೆ ಒಂದು ತಾಸು ಚಿಲ್ಲರೆ, ಪಾಲಿಸದಿದ್ದರೆ ಚಹಾ ಎರಡು ಸಲ ಆಗುತ್ತದೆ. ಮೊದಲ ಪಾಳಿಯವನಿಗೆ 1, 8, 9, 16 ಬರುತ್ತವೆ. ಅಂದರೆ ಮೊದಲ ಕಾರ್ಡು ಎತ್ತಿದ ಮೇಲೆ ಆರು ಕಾರ್ಡು ಹೋಗುವುದನ್ನು ಸುಮ್ಮನೆ ನೋಡಬೇಕು. ನಾಲ್ಕನೆಯವನಿಗೆ 4 ಮತ್ತು 5 ಒಟ್ಟಿಗೆ ಸಿಗುತ್ತವೆ. ಹೊಸಬರು ಕೊನೆಯ ಪಾಳಿ ಬಂತೆಂದು ಗೊಣಗುತ್ತಾರೆ, ಆದರೆ ಈ ಡಬ್ಬಿಯಲ್ಲಿ ಅದೇ ಚಲೋ ಜಾಗ. ಯಾಕೆಂದು ಮುಂದೆ ಗೊತ್ತಾಗುತ್ತದೆ.

ಎರಡನೆಯದು ಲಿಲಾವು, ಅಂದರೆ ಹರಾಜು. ತಲಾ 1000 ಅಂಕ, ಕನಿಷ್ಠ ಸವಾಲು 10. ಸೂಚನಾ ಹಾಳೆಯಲ್ಲಿ ಒಂದು ಮುಖ್ಯ ಮಾತು ಬಿಟ್ಟುಹೋಗಿದೆ: ಉಳಿದ ಪ್ರತಿ ಜಾಗಕ್ಕೂ ಹತ್ತು ಅಂಕ ಕಾಯ್ದಿಡಲೇಬೇಕು. 16 ಜನ ಬೇಕಿದ್ದಾಗ ಮೊದಲ ಆಟಗಾರನಿಗೆ ಕೂಗಬಹುದಾದ ಗರಿಷ್ಠ ಸವಾಲು 850. ಈ ಮಿತಿ ಇಲ್ಲದೆ ಆಡಿದರೆ ಹನ್ನೆರಡನೆಯ ಆಟಗಾರನಿಗೇ ಯಾರದೋ ಗಂಟು ಖಾಲಿಯಾಗಿ, ತಂಡ ಪೂರ್ತಿಯಾಗದೆ ಆಟ ಅಲ್ಲಿಗೇ ನಿಲ್ಲುತ್ತದೆ. ಪ್ರತಿ ಕೊಳ್ಳುವಿಕೆಯ ನಂತರ ಒಬ್ಬರು ಈ ಮಿತಿಯನ್ನು ಗಟ್ಟಿಯಾಗಿ ಹೇಳುತ್ತಿರಲಿ.

ಡಬ್ಬಿಯನ್ನು ಅರ್ಥ ಮಾಡಿಕೊಳ್ಳಲು ಒಂದು ಸಲ ಕಾರ್ಡುಗಳನ್ನು ಜಾಗದ ಪ್ರಕಾರ ವಿಂಗಡಿಸಿ ಎಣಿಸಬೇಕು. ಗೋಲ್‌ಕೀಪರ್ 6, ಬ್ಯಾಕ್ (ಹಿಂದೆ ನಿಂತು ತಡೆಯುವವರು) 19, ಹಾಫ್ (ನಡುವೆ ಆಡುವವರು) 26, ಫಾರ್ವರ್ಡ್ (ಮುಂದೆ ಗೋಲು ಹೊಡೆಯುವವರು) 45. ಎಲ್ಲ ಗುಟ್ಟೂ ಈ ನಾಲ್ಕು ಸಂಖ್ಯೆಯಲ್ಲಿದೆ. ತಂಡದ ಹಾಳೆಯಲ್ಲಿ ಎರಡು ವ್ಯೂಹಗಳಿವೆ. ಒಂದು ಹಳೆಯದು: ಐದು ಫಾರ್ವರ್ಡ್, ಮೂರು ಹಾಫ್, ಎರಡು ಬ್ಯಾಕ್, ಲೆಫ್ಟ್ ಔಟ್, ಲೆಫ್ಟ್ ಇನ್ ಎಂದು ಕರೆಯುತ್ತಿದ್ದ ಕಾಲದ್ದು. ಇನ್ನೊಂದು ಹೊಸದು: ನಾಲ್ಕು ಬ್ಯಾಕ್, ಮೂರು ಹಾಫ್, ಮೂರು ಫಾರ್ವರ್ಡ್. ನಾಲ್ವರೂ ಹೊಸ ವ್ಯೂಹ ಹಿಡಿದರೆ 19 ಬ್ಯಾಕ್‌ಗಳಲ್ಲಿ 16 ಮಂದಿ ಕಣಕ್ಕೇ ಬೇಕು, ಬದಲಿ ಆಟಗಾರರ ಜಾಗಕ್ಕೆ ಮೂವರೇ ಉಳಿಯುತ್ತಾರೆ. ಅದೇ ಹೊತ್ತಿಗೆ 45 ಫಾರ್ವರ್ಡ್‌ಗಳಲ್ಲಿ ಬೇಕಾದವರು 12 ಮಾತ್ರ. ಆದರೂ ಮೊದಲ ಮೂರು ಸುತ್ತು ಎಲ್ಲರ ಕೈ ಹೋಗುವುದು ಧ್ಯಾನ್‌ಚಂದ್, ಡ್ವೈಯರ್, ಧನರಾಜ್ ಪಿಳ್ಳೈ, ಮೊಹಮ್ಮದ್ ಶಾಹಿದ್ ಕಡೆಗೇ. ತಪ್ಪೇನಿಲ್ಲ. ಆಮ್ಸ್ಟರ್‌ಡಾಮ್‌ನಲ್ಲಿ 1928ರಲ್ಲಿ 14 ಗೋಲು ಹೊಡೆದವನನ್ನು ಮೇಜಿನ ಮೇಲೆ ಬಿಟ್ಟು ಸುಮ್ಮನಿರುವುದು ಯಾರಿಗೂ ಸುಲಭವಲ್ಲ. ಆದರೆ ಲೆಕ್ಕ ಬೇರೆ ಹೇಳುತ್ತದೆ: ಗೋಲಿನ ಅಂಕಿ 8 ಅಥವಾ ಹೆಚ್ಚು ಇರುವ ಫಾರ್ವರ್ಡ್‌ಗಳು 20 ಮಂದಿ ಇದ್ದಾರೆ, ಎಂಟನೆಯ ಸುತ್ತಿನಲ್ಲೂ ಒಬ್ಬಿಬ್ಬರು ಸಿಗುತ್ತಾರೆ.

ಬ್ಯಾಕ್‌ಗಳ ಬೆಲೆ ಹೆಚ್ಚಿಸುವುದು ಪೆನಾಲ್ಟಿ ಕಾರ್ನರ್, ಅಂದರೆ ಎದುರಾಳಿಯ ತಪ್ಪಿಗೆ ಗೋಲಿನ ಹತ್ತಿರ ಸಿಗುವ ಹೊಡೆತ. ಪಂದ್ಯದ ನಾಲ್ಕು ಕ್ವಾರ್ಟರ್‌ಗಳಲ್ಲಿ ಪ್ರತಿ ತಂಡಕ್ಕೂ ಒಂದೊಂದು ಕಾರ್ನರ್ ಖಾತ್ರಿ. ಹೊಡೆಯುವವನ ಕಾರ್ನರ್ ಅಂಕಿಗೆ ಒಂದು ದಾಳ ಕೂಡಿಸಿ, ಎದುರಾಳಿ ಕೀಪರ್‌ನ ತಡೆ ಅಂಕಿಗೆ ಇನ್ನೊಂದು ದಾಳ ಕೂಡಿಸಿ. ಸಮ ಆದರೂ ಗೋಲು. ತಂಡದಲ್ಲಿ ತಕ್ಕವರು ಇಲ್ಲದಿದ್ದರೆ ಅಂಕಿ 4 ಎಂದು ಹಿಡಿಯಬೇಕು. ಈಗ ನೋಡಿ: ಎದುರಿಗೆ 9ರ ಕೀಪರ್ ಇದ್ದಾನೆ. ನಿಮ್ಮಲ್ಲಿ 10ರ ಹೊಡೆತಗಾರ ಇದ್ದರೆ 36 ಸಾಧ್ಯತೆಗಳಲ್ಲಿ 26 ಗೋಲು. 8ರವನಿದ್ದರೆ 15. ಯಾರೂ ಇಲ್ಲದೆ 4ರಲ್ಲಿ ಹೊಡೆದರೆ 36ಕ್ಕೆ ಒಂದೇ ಒಂದು, ನಿಮಗೆ ಆರು ಬಿದ್ದು ಅವರಿಗೆ ಒಂದು ಬಿದ್ದಾಗ ಮಾತ್ರ. ಪಂದ್ಯಕ್ಕೆ ನಾಲ್ಕು ಕಾರ್ನರ್ ಎಂದರೆ 10ರವನು ಸರಾಸರಿ ಮೂರರ ಹತ್ತಿರ ಗೋಲು ತಂದುಕೊಡುತ್ತಾನೆ. ಧ್ಯಾನ್‌ಚಂದ್ ಕಾರ್ಡು ಪಂದ್ಯಕ್ಕೆ ಅಷ್ಟು ಕೊಡುವುದಿಲ್ಲ.

ಈ 10ರ ಕಾರ್ಡುಗಳು ಇರುವುದು ಮೂರೇ: ಪೃಥಿಪಾಲ್ ಸಿಂಗ್, ಪಾಕಿಸ್ತಾನದ ಸೋಹೇಲ್ ಅಬ್ಬಾಸ್, ಹಾಲೆಂಡಿನ ಪಾಲ್ ಲಿಟ್ಯೆನ್ಸ್. ಮೂವರೂ ಬ್ಯಾಕ್. ಒಂದೇ ಕಾರ್ಡಿನಲ್ಲಿ ಎರಡು ಜಾಗ ತುಂಬುತ್ತದೆ. ಅಂಕಿಗಳಿಗೆ ಆಧಾರವೂ ಇದೆ: ಸೋಹೇಲ್ ಹೆಸರಲ್ಲಿ 348 ಅಂತರರಾಷ್ಟ್ರೀಯ ಗೋಲುಗಳಿವೆ, ಲಿಟ್ಯೆನ್ಸ್ ಹೆಸರಲ್ಲಿ 268. ಪೃಥಿಪಾಲ್ 1964ರ ಟೋಕಿಯೊದಲ್ಲಿ ಭಾರತದ ಪರ ಅತಿ ಹೆಚ್ಚು ಗೋಲು ಹೊಡೆದವರು. ನಂತರದ ಸಾಲಿನಲ್ಲಿ ಹಾಲೆಂಡಿನ ಬೋವೆಲಾಂಡರ್, ಜರ್ಮನಿಯ ಕಾರ್ಸ್ಟನ್ ಫಿಶರ್, ಹರ್ಮನ್‌ಪ್ರೀತ್, ನಮ್ಮ ಕೊಡಗಿನ ವಿ.ಆರ್. ರಘುನಾಥ್. ರಘುನಾಥ್‌ಗೆ 8 ಕೊಟ್ಟಿದ್ದಾರೆ, ಆರನೆಯ ಸುತ್ತಿನವರೆಗೂ ಯಾರೂ ಮುಟ್ಟುವುದಿಲ್ಲ. ಇಡೀ ಡಬ್ಬಿಯಲ್ಲಿ ಇಷ್ಟು ಅಗ್ಗದ ಸರಕು ಇನ್ನೊಂದಿಲ್ಲ.

ಇನ್ನು ಕೀಪರ್. ರಿಚರ್ಡ್ ಅಲೆನ್, ಶಂಕರ್ ಲಕ್ಷ್ಮಣ್, ಬ್ರಿಟನ್ನಿನ ಇಯಾನ್ ಟೇಲರ್, ಬೆಲ್ಜಿಯಂನ ವಿನ್ಸೆಂಟ್ ವನಾಶ್, ಶ್ರೀಜೇಶ್, ಆಶಿಶ್ ಬಲ್ಲಾಳ್. ಮುಚ್ಚಳದ ಮೇಲೆ ‘2ರಿಂದ 8 ಜನರಿಗೆ’ ಎಂದು ಛಾಪಿಸಿದ್ದಾರೆ. ಆರು ಕೀಪರ್ ಇಟ್ಟುಕೊಂಡು ಎಂಟು ತಂಡ ಹೇಗೆ ಕಟ್ಟಬೇಕು? ಎಂಟು ಜನರಿಗೆ 16ರಂತೆ 128 ಕಾರ್ಡು ಬೇಕು, ಇರುವುದೇ 96. ಇದು ಅಚ್ಚಿನ ತಪ್ಪಲ್ಲ, ಲೆಕ್ಕವೇ ಹಾಕಿಲ್ಲ. ನಾಲ್ವರಿಗೆ ಆಟ ಸೊಗಸಾಗಿದೆ. ಐವರಿಗೆ ನಡೆಯುತ್ತದೆ. ಆರು ಜನ ಕೂತರೆ ಕೊನೆಯ ಸುತ್ತಿನಲ್ಲಿ ಆಯ್ಕೆ ಎಂಬುದೇ ಇರುವುದಿಲ್ಲ, ಬಿದ್ದಿದ್ದನ್ನು ಬಾಚಿಕೊಳ್ಳುವುದು ಅಷ್ಟೇ.

ಬೆಳಗಾವಿಯ ಮೇಜಿನಲ್ಲಿ ಶಂಕರ್ ಲಕ್ಷ್ಮಣ್ ಕಾರ್ಡು ಎರಡನೆಯ ಸುತ್ತು ದಾಟುವುದಿಲ್ಲ. ಕಾರಣ ಅಂಕಿಯಷ್ಟೇ ಅಲ್ಲ, ಅವರು ಮರಾಠಾ ಲೈಟ್ ಇನ್‌ಫಂಟ್ರಿಯವರು, ಆ ರೆಜಿಮೆಂಟಿನ ಕೇಂದ್ರ ಇರುವುದು ಇದೇ ಊರಲ್ಲಿ. 1956, 1960, 1964ರ ಮೂರೂ ಒಲಿಂಪಿಕ್ಸ್‌ನಲ್ಲಿ ಕಂಬದ ಮುಂದೆ ನಿಂತವರು ಎಂದಮೇಲೆ ತಡೆಗೆ 9 ಕೊಟ್ಟಿದ್ದು ನ್ಯಾಯವೇ. ಬಲ್ಲಾಳ್‌ಗೆ 7 ಮಾತ್ರ ಯಾಕೋ? 1966ರಲ್ಲಿ ಲಕ್ಷ್ಮಣ್ ನಾಯಕತ್ವದಲ್ಲಿ ಗೆದ್ದ ಏಷ್ಯಾಡ್ ಚಿನ್ನ ಮತ್ತೆ ಕೈಗೆ ಬರಲು 32 ವರ್ಷ ಬೇಕಾಯಿತು. 1998ರ ಬ್ಯಾಂಕಾಕ್ ಫೈನಲ್‌ನ ಟೈಬ್ರೇಕರ್‌ನಲ್ಲಿ ಆ ಚಿನ್ನ ಉಳಿಸಿದ್ದು ಬಲ್ಲಾಳ್. ಕನಿಷ್ಠ 8 ಕೊಡಬೇಕಿತ್ತು. ಆಟದಲ್ಲಿ ಈ ವ್ಯತ್ಯಾಸ ಸಣ್ಣದಲ್ಲ: 10ರ ಹೊಡೆತಗಾರ 9ರ ಕೀಪರ್ ಮೇಲೆ 36ಕ್ಕೆ 26 ಗೋಲು ಹೊಡೆದರೆ 7ರವನ ಮೇಲೆ 33 ಹೊಡೆಯುತ್ತಾನೆ.

ಊರಿನವರೇ ಆದ ಬಂಡು ಪಾಟೀಲರ ಕಾರ್ಡೂ ಇದೆ, 1964ರ ಟೋಕಿಯೊ ಚಿನ್ನದ ತಂಡದವರು. ಅಂಕಿಗಳು ಸಾಧಾರಣ. ಆದರೂ ಇಲ್ಲಿ ಅವರನ್ನು ಯಾರಾದರೂ ಬೇಗ ಎತ್ತಿಯೇ ಎತ್ತುತ್ತಾರೆ. ಅಭಿಮಾನಕ್ಕೆ ಒಂದು ಪಾಳಿ ಖರ್ಚಾದರೆ ಅಡ್ಡಿಯಿಲ್ಲ, ಐದನೆಯ ಸುತ್ತಿನ ನಂತರ ಮಾಡಿ. ಕರ್ನಾಟಕದ ಉಳಿದವರಲ್ಲಿ ಎಂ.ಪಿ. ಗಣೇಶ್, ಸೋಮಯ್ಯ, ಗೋವಿಂದ, ಸುನಿಲ್, ಅರ್ಜುನ್ ಹಾಲಪ್ಪ ಇದ್ದಾರೆ. ಭಾರತ ತಂಡದ ನಾಯಕನಾಗಿದ್ದ ಜೂಡ್ ಫೆಲಿಕ್ಸ್ ಇಲ್ಲ. ಮಹಿಳೆಯರ ಒಂದೇ ಒಂದು ಕಾರ್ಡು ಇಲ್ಲ. ಎಂಟು ಸಲ ವಿಶ್ವದ ಶ್ರೇಷ್ಠ ಆಟಗಾರ್ತಿಯಾದ ಲೂಸಿಯಾನಾ ಐಮಾರ್ ಇಲ್ಲದ ಡಬ್ಬಿಯ ಮೇಲೆ ‘ಸಾರ್ವಕಾಲಿಕ’ ಎಂದು ಬರೆಯಲು ಧೈರ್ಯ ಬೇಕು.

ಕಾಲದ ಅಂತರವನ್ನು ತುಂಬಲು ಮಾಡಿದ ಉಪಾಯ ಜಾಣತನದ್ದು, ಅರ್ಧಕ್ಕೆ ನಿಂತಿದೆ. ಹುಲ್ಲಿನ ಮೈದಾನದ ಕಾಲದವರಿಗೆ ಕಂದು ಅಂಚು, ಟರ್ಫ್ ಕಾಲದವರಿಗೆ ನೀಲಿ ಅಂಚು. ಒಲಿಂಪಿಕ್ ಹಾಕಿ ಮೊದಲ ಸಲ ಕೃತಕ ಹುಲ್ಲಿನ ಮೇಲೆ ನಡೆದದ್ದು 1976ರ ಮಾಂಟ್ರಿಯಲ್‌ನಲ್ಲಿ, ಅದನ್ನೇ ಗಡಿ ಮಾಡಿಕೊಂಡಿದ್ದಾರೆ. ಪಂದ್ಯಕ್ಕೆ ಮೊದಲು ನಾಣ್ಯ ಚಿಮ್ಮಿ ಮೈದಾನ ಗೊತ್ತು ಮಾಡಬೇಕು. ಟರ್ಫ್ ಬಂದರೆ ಕಂದು ಕಾರ್ಡಿನವರ ಓಟ ಒಂದು ಕಡಿಮೆ. ಸರಿ. ಆದರೆ ಹುಲ್ಲು ಬಂದಾಗ ನೀಲಿಯವರಿಗೆ ಯಾವ ನಷ್ಟವೂ ಇಲ್ಲ! ಚೆಂಡು ಪುಟಿಯುವ ನೆಲದಲ್ಲಿ ಡ್ರ್ಯಾಗ್ ಫ್ಲಿಕ್ (ಕಾರ್ನರ್‌ನಲ್ಲಿ ಚೆಂಡನ್ನು ಕೋಲಿನಿಂದ ಎಳೆದು ಚಿಮ್ಮುವ ಹೊಡೆತ) ಅಷ್ಟು ಸಲೀಸಾಗಿ ಹೋಗುತ್ತದೆಯೇ? ಅದಕ್ಕೇ ಒಂದು ನಿಯಮ ಸೇರಿಸಿಕೊಂಡು ಆಡಿ: ಹುಲ್ಲಿನ ಮೇಲೆ ನೀಲಿ ಕಾರ್ಡಿನ ಕಾರ್ನರ್ ಅಂಕಿ ಒಂದು ಇಳಿಯಲಿ. ಸೋಹೇಲ್ 9 ಆಗುತ್ತಾನೆ, ಪೃಥಿಪಾಲ್ 10ರಲ್ಲೇ ನಿಲ್ಲುತ್ತಾರೆ. ಆಗ ಆಯ್ಕೆ ನಿಜಕ್ಕೂ ಕಷ್ಟವಾಗುತ್ತದೆ.

ಒಂದೇ ದೇಶದ ಮೂವರು ಇದ್ದರೆ ತಂಡಕ್ಕೆ ಒಂದು ಅಂಕ ಹೆಚ್ಚು. ಇದರ ಮೇಲೆ ಗದ್ದಲ ಏಳುವುದು ಇಬ್ಬರ ಹೆಸರಲ್ಲಿ. ಎ.ಐ.ಎಸ್. ದಾರಾ 1936ರಲ್ಲಿ ಭಾರತಕ್ಕೆ ಆಡಿ 1948ರಲ್ಲಿ ಪಾಕಿಸ್ತಾನದ ನಾಯಕರಾದವರು. ಗೊಂಜಾಲೊ ಪೆಯ್ಯಾಟ್ 2016ರಲ್ಲಿ ಅರ್ಜೆಂಟೀನಾಕ್ಕೆ ಒಲಿಂಪಿಕ್ ಚಿನ್ನ ಗೆದ್ದು, 2023ರಲ್ಲಿ ಜರ್ಮನಿಯ ಜೊತೆ ವಿಶ್ವಕಪ್ ಎತ್ತಿದವನು. ಕಾರ್ಡಿನಲ್ಲಿ ಇಬ್ಬರಿಗೂ ಒಂದೊಂದೇ ಧ್ವಜ. ಎರಡರಲ್ಲಿ ಯಾವುದಾದರೂ ಒಂದಕ್ಕೆ ಲೆಕ್ಕ, ಆದರೆ ಯಾವುದಕ್ಕೆಂದು ಎತ್ತುವಾಗಲೇ ಹೇಳಬೇಕು ಎಂದು ಮೊದಲೇ ಒಪ್ಪಿಕೊಳ್ಳಿ.

ಹೆಸರಿನ ಗೊಂದಲವೂ ಇದೆ. 1968ರ ಮೆಕ್ಸಿಕೊ ತಂಡದಲ್ಲೇ ಮೂವರು ಬಲ್ಬೀರ್ ಸಿಂಗ್ ಇದ್ದರು. 1952ರ ಫೈನಲ್‌ನಲ್ಲಿ ಐದು ಗೋಲು ಹೊಡೆದ ಹಿರಿಯ ಬಲ್ಬೀರ್ ಬೇರೆ. ಡಬ್ಬಿಯಲ್ಲಿ ಇಬ್ಬರ ಕಾರ್ಡಿದೆ, ಎರಡರ ಮೇಲೂ ಬರೀ ‘ಬಲ್ಬೀರ್ ಸಿಂಗ್’. “ನಾ ಬಲ್ಬೀರ್‌ನ್ನ ತಗೊಂಡೆ” ಎಂದು ಕೂಗಿ ಚಹಾಕ್ಕೆ ಎದ್ದುಹೋದರೆ ಬರುವಷ್ಟರಲ್ಲಿ ನಿಮ್ಮ ಹಾಳೆಯಲ್ಲಿ ಬೇರೆ ಬಲ್ಬೀರ್ ಇರುತ್ತಾನೆ. ಹೆಸರಿನ ಜೊತೆ ಕಾರ್ಡಿನ ನಂಬರೂ ಕೂಗಬೇಕು.

ತಯಾರಿಕೆಯ ಬಗ್ಗೆ. ಕಾಗದ ದಪ್ಪ, ಮೂಲೆ ದುಂಡಗೆ ಕತ್ತರಿಸಿದ್ದಾರೆ. ಆದರೆ ಲ್ಯಾಮಿನೇಷನ್ ಕನ್ನಡದ ಬದಿಗೆ ಮಾತ್ರ. ಮರಾಠಿ ಬದಿ ಬರೀ ಕಾಗದ, ಅದು ತೇವ ಹೀರಿ ಹಿಗ್ಗುತ್ತದೆ, ಪ್ಲಾಸ್ಟಿಕ್ ಬದಿ ಹಿಗ್ಗುವುದಿಲ್ಲ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿಯ ಮಳೆಯಲ್ಲಿ ಪ್ರತಿ ಕಾರ್ಡೂ ಹಪ್ಪಳದಂತೆ ಕನ್ನಡದ ಕಡೆಗೆ ಬಾಗುತ್ತದೆ. ರಾತ್ರಿ ಭಾರದ ಪುಸ್ತಕದ ಕೆಳಗಿಟ್ಟರೆ ಒಂದು ದಿನದ ಮಟ್ಟಿಗೆ ಸರಿಯಾಗುತ್ತದೆ. ಹೊಸ ಬೂಟಿನ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣ ಎರಡು ಹಾಕಿಟ್ಟರೆ ಇನ್ನೂ ವಾಸಿ. ಪ್ಲಾಸ್ಟಿಕ್ ಕವರ್ ಹಾಕೋಣವೆಂದರೆ ಕಾರ್ಡಿನ ಅಳತೆ 70×100 ಮಿಲಿಮೀಟರ್. ಸಾಮಾನ್ಯವಾಗಿ ಸಿಗುವ ಕವರ್‌ಗಳು 63×88ರ ಕಾರ್ಡಿಗೆ ಮಾಡಿದವು, ಇದಕ್ಕೆ ಹಿಡಿಯುವುದಿಲ್ಲ.

ಅಜಿತ್‌ಪಾಲ್ ಸಿಂಗ್ ಕಾರ್ಡಿನಲ್ಲಿ ಕನ್ನಡದ ಬದಿಗೆ ತಡೆ 9 ಇದ್ದರೆ ಮರಾಠಿ ಬದಿಗೆ 6 ಇದೆ. ಅಂಕಿ ತಲೆಕೆಳಗಾಗಿ ಅಚ್ಚಾಗಿರಬೇಕು. 1975ರಲ್ಲಿ ವಿಶ್ವಕಪ್ ಗೆದ್ದ ನಾಯಕ, ಸೆಂಟರ್ ಹಾಫ್‌ಗಳಲ್ಲಿ ಎತ್ತಿದ ಹೆಸರು, ಅವರ ತಡೆ 6 ಇರಲು ಸಾಧ್ಯವೇ ಇಲ್ಲ. ಪೆನ್ನಿನಲ್ಲಿ ತಿದ್ದಿಕೊಳ್ಳಿ.

ನಾಲ್ಕನೆಯ ಪಾಳಿ ಚಲೋ ಎಂದದ್ದು ಇದಕ್ಕೇ. 4 ಮತ್ತು 5ರಲ್ಲಿ ಒಬ್ಬ 10ರ ಹೊಡೆತಗಾರ, ಜೊತೆಗೆ ಲಕ್ಷ್ಮಣ್ ಅಥವಾ ಅಲೆನ್. 12, 13ರಲ್ಲಿ ಅಜಿತ್‌ಪಾಲ್ ಅಥವಾ ಸರ್ದಾರ್ ಸಿಂಗ್ ಉಳಿದಿದ್ದರೆ ಒಬ್ಬರು, ಇನ್ನೊಬ್ಬ ಬ್ಯಾಕ್. ಆಮೇಲೆ ಹಳೆಯ ವ್ಯೂಹ ಹಿಡಿದು, ಉಳಿದವರು ಬ್ಯಾಕ್‌ಗಳಿಗಾಗಿ ಕಿತ್ತಾಡುತ್ತಿರುವಾಗ ಫಾರ್ವರ್ಡ್‌ಗಳನ್ನು ಆರಾಮಾಗಿ ಆರಿಸಿಕೊಳ್ಳಬಹುದು. ವ್ಯೂಹವನ್ನು ಮೊದಲೇ ಬಾಯಿಬಿಟ್ಟು ಹೇಳಬೇಡಿ.

ಕೊಳ್ಳುವಾಗ ಅಂಗಡಿಯ ಕಟ್ಟೆಯ ಮೇಲೇ ಮುಚ್ಚಳ ತೆಗೆದು ಎಣಿಸಿ. ಕೆಲವು ಡಬ್ಬಿಗಳಲ್ಲಿ 57ನೆಯ ಕಾರ್ಡು ಎರಡು ಬಂದು 75 ಇರುವುದಿಲ್ಲ, ಒಟ್ಟು ಸಂಖ್ಯೆ 96 ಇರುವುದರಿಂದ ಗೊತ್ತೇ ಆಗುವುದಿಲ್ಲ. 75 ಅಂದರೆ ಲಿಟ್ಯೆನ್ಸ್. ಮನೆಗೆ ಒಯ್ದ ಮೇಲೆ ತಂದರೆ ಬದಲಿಸಿ ಕೊಡುವುದಿಲ್ಲ ಎಂದು ಅಂಗಡಿಯವರು ಮೊದಲೇ ಹೇಳುತ್ತಾರೆ.